ಚದರಕ್ಕೆ ಎಷ್ಟು ಎಂದು ಕೇಳುವವರಿಗೆ ಏನು ಹೇಳಬೇಕು? ತುಮಕೂರಿನಲ್ಲಿ ಮನೆ ಕಟ್ಟಿಕೊಡುವ ಕೆಲಸ ಶುರು ಮಾಡುವವನ ಪ್ರಶ್ನೆ

ಹೆಗ್ಗೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ಸಿವಿಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಮಗಾರಿಗಳಲ್ಲಿ ಮೇಲ್ವಿಚಾರಕನಾಗಿ ದುಡಿದಿದ್ದೇನೆ. ಈಗ ತುಮಕೂರಿಗೇ ಮರಳಿ, ಸ್ವಂತ ನಿವೇಶನ ಇರುವವರಿಗೆ ಅವರ ಇಷ್ಟದಂತೆ ಮನೆ ಕಟ್ಟಿಕೊಡುವ ಕೆಲಸ ಹಿಡಿಯಬೇಕೆಂದಿದ್ದೇನೆ. ಮರಳೂರಿನ ಕಡೆ ಪರಿಚಯದವರೊಬ್ಬರ 30×40 ನಿವೇಶನವಿದೆ. ನೆಲ ಅಂತಸ್ತು, ಮೇಲೊಂದು ಅಂತಸ್ತು. ಅವರು ನಕ್ಷೆಯನ್ನೂ ತೋರಿಸದೆ ಫೋನಿನಲ್ಲೇ "ಚದರಕ್ಕೆ ಎಷ್ಟು ತೆಗೆದುಕೊಳ್ಳುತ್ತೀಯ?" ಎಂದು ಕೇಳುತ್ತಿದ್ದಾರೆ. ಊರಿನಲ್ಲಿ ಎಲ್ಲರೂ ಚದರದ ಲೆಕ್ಕದಲ್ಲೇ ಮಾತಾಡುತ್ತಾರೆ. ಸಾಮಗ್ರಿ ಸಮೇತ ಒಪ್ಪಿಕೊಳ್ಳಬೇಕೋ, ಕೂಲಿ ಮಾತ್ರ ಒಪ್ಪಿಕೊಳ್ಳಬೇಕೋ ತಿಳಿಯುತ್ತಿಲ್ಲ. ವರ್ಷಕ್ಕೆ ಎರಡು ಮೂರು ಮನೆ ಸಿಕ್ಕರೆ ಸಂಸಾರ ನಡೆಯುತ್ತದೆಯೇ? ಕೈ ಸುಟ್ಟುಕೊಂಡವರು, ದಡ ಸೇರಿದವರು ಇಬ್ಬರೂ ಹೇಳಿ.

ಕ್ಯಾತ್ಸಂದ್ರ ಗುತ್ತಿಗೆದಾರ

ತಮ್ಮಾ, ನಕ್ಷೆ ನೋಡದೆ ದರ ಹೇಳಬೇಡ. ಹೇಳಿದೆಯೋ, ಆ ಅಂಕಿಯನ್ನು ಅವರು ಗೃಹಪ್ರವೇಶದವರೆಗೂ ಬಿಡುವುದಿಲ್ಲ. ಮಧ್ಯದಲ್ಲಿ ಏನೇನು ಸೇರಿತು ಎನ್ನುವುದು ಯಾರಿಗೂ ನೆನಪಿರುವುದಿಲ್ಲ.

ಚದರ ಎಂದರೆ ನೂರು ಚದರ ಅಡಿ, ಅದು ಮಗುವಿಗೂ ಗೊತ್ತು. ಆದರೆ ಯಾವ ನೂರು ಅಡಿ? ಜಗಳವೆಲ್ಲ ಅಲ್ಲಿದೆ. ಪೋರ್ಟಿಕೊ ಸೇರಿತೇ? ಬಾಲ್ಕನಿ ಪೂರ್ತಿಯೋ, ಅರ್ಧವೋ? ತಾರಸಿಯ ಮೇಲೆ ಬರುವ ಮೆಟ್ಟಿಲ ಕೋಣೆ? ಇವೆಲ್ಲ ಸೇರಿ ಎರಡು ಚದರ ಆಗುತ್ತದೆ ಎಂದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಎಂದು ಚದರಕ್ಕೆ 2 ಲಕ್ಷ ಇಟ್ಟುಕೊಂಡರೆ 4 ಲಕ್ಷ. ಅರ್ಧ ದರ ಎಂದರೆ 2 ಲಕ್ಷ, ಸೇರಿಲ್ಲ ಎಂದರೆ ಸೊನ್ನೆ. ಒಂದು ಇಟ್ಟಿಗೆಯನ್ನೂ ಇಡುವ ಮೊದಲೇ ನಿನ್ನ ಲಾಭ ಎಷ್ಟೋ ಅಷ್ಟು ಮೊತ್ತ ತೂಗಾಡುತ್ತಿರುತ್ತದೆ.

ಇನ್ನು ಸಂಪು. ಅದು ನೆಲದ ಕೆಳಗಿದೆ, ಚದರಕ್ಕೆ ಬರುವುದಿಲ್ಲ. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ ತೆಗೆದರೆ 8,000 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಅದನ್ನು ಲೀಟರಿನ ಲೆಕ್ಕದಲ್ಲಿ ಬೇರೆಯಾಗಿಯೇ ಬರೆಯಬೇಕು. ಕಾಂಪೌಂಡು ಗೋಡೆ ಅಡಿಯ ಲೆಕ್ಕ. ಎತ್ತರದ ಹಾಲ್ ಬೇಕು ಎನ್ನುವವರು ಈಗ ಹೆಚ್ಚಾಗಿದ್ದಾರೆ. ಎರಡು ಅಂತಸ್ತಿನ ಎತ್ತರಕ್ಕೆ ಹಾಲ್ ಬಿಟ್ಟರೆ ಮಧ್ಯದಲ್ಲಿ ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿ, ಇಲ್ಲ, ಹಾಗಾಗಿ ಮೇಲಿನ ಅಂತಸ್ತಿನಲ್ಲಿ ಅಷ್ಟು ಚದರ ಕಡಿಮೆ ಎಂದು ಮನೆಯವರು ಹಣ ಇಳಿಸುತ್ತಾರೆ. ಗೋಡೆ ಮಾತ್ರ ಇಪ್ಪತ್ತು ಅಡಿ ಏರಬೇಕು, ಸಾರುವೆ ಕಟ್ಟಬೇಕು, ಗಾರೆ ಮಾಡಬೇಕು, ಬಣ್ಣ ಹೊಡೆಯಬೇಕು. ಅದಕ್ಕೆ ಯಾರು ಕೊಡುತ್ತಾರೆ?

ಪಾಯದ ಮಾತು ಕೇಳಲೇಬೇಡ. ನಮ್ಮ ಕಡೆ ಒಂದು ರಸ್ತೆಯಲ್ಲಿ ಮೂರು ಅಡಿಗೆ ಗಟ್ಟಿ ನೆಲ ಸಿಗುತ್ತದೆ. ಪಕ್ಕದ ರಸ್ತೆಯಲ್ಲಿ ಎಂಟು ಅಡಿ ಅಗೆದರೂ ತುಂಬಿದ ಮಣ್ಣೇ ಬರುತ್ತಿರುತ್ತದೆ. ಹಳೆಯ ಕೆರೆ ಅಂಗಳದ ಅಂಚಿನ ಬಡಾವಣೆಗಳಲ್ಲಂತೂ ಹೇಳುವುದೇ ಬೇಡ. ಬಂಡೆ ಸಿಕ್ಕರೆ ಬ್ರೇಕರ್ ಗಂಟೆಯ ಲೆಕ್ಕ. ಎಲ್ಲಕ್ಕೂ ಒಂದೇ ಚದರದ ದರ ಹೇಳುವವನು ಜೂಜು ಆಡುತ್ತಿದ್ದಾನೆ, ಅಷ್ಟೇ.

ಮನೆ ಕಟ್ಟಿ ನೋಡಿದವನು

ಗುತ್ತಿಗೆದಾರರ ಕಷ್ಟ ಕೇಳಿ ಕಣ್ಣು ತುಂಬಿ ಬಂತು. ಈಗ ಕಟ್ಟಿಸಿದವನ ಕಥೆ ಕೇಳಿ.

ನಾನು ಗುಬ್ಬಿ ಕಡೆಯವನು. ಸಾಮಗ್ರಿ ಸಮೇತ ಎಂದು ಒಪ್ಪಂದವಾಯಿತು. ಮುಂಗಡ ಕೊಟ್ಟೆ, ಪಾಯ ಎದ್ದಿತು. ಬಾಗಿಲು ಕಿಟಕಿಗಳ ಮೇಲೆ ಬರುವ ಲಿಂಟಲ್ ತೊಲೆಯ ಮಟ್ಟಕ್ಕೆ ಹಣ ಕೊಟ್ಟೆ, ಲಿಂಟಲ್ ಆಯಿತು. ಮೋಲ್ಡ್‌ಗೆ ಎಂದು ದೊಡ್ಡ ಕಂತು ಕೊಟ್ಟ ಮೇಲೆ ಕೆಲಸಗಾರರು ಕಾಣೆ. ಫೋನ್ ಮಾಡಿದರೆ ಕಂಬಿ ಬಂದಿಲ್ಲ, ಸೆಂಟ್ರಿಂಗ್ ಹಲಗೆ ಖಾಲಿ ಇಲ್ಲ, ಮೇಸ್ತ್ರಿಯ ಮನೆಯಲ್ಲಿ ಸಾವು. ಒಂದು ದಿನ ಬೇರೆ ಕೆಲಸಕ್ಕೆ ಹೋದಾಗ ನೋಡುತ್ತೇನೆ, ನಮ್ಮದೇ ಮೇಸ್ತ್ರಿ ಇನ್ನೊಂದು ಬಡಾವಣೆಯಲ್ಲಿ ಯಾರದೋ ಮನೆಗೆ ಟೈಲ್ಸ್ ಕೂರಿಸುವವರ ಹತ್ತಿರ ನಿಂತಿದ್ದಾರೆ. ನನ್ನ ಮೋಲ್ಡ್‌ನ ಹಣ ಆ ಮನೆಯ ನೆಲಕ್ಕೆ ಹೋಗಿತ್ತು. ಆ ಮನೆಯವರ ನೆಲದ ಹಣ ಅದಕ್ಕೂ ಮುಂಚಿನ ಮನೆಯ ಬಣ್ಣಕ್ಕೆ ಹೋಗಿತ್ತಂತೆ.

ಗುತ್ತಿಗೆದಾರ ಕೆಟ್ಟವನೇನಲ್ಲ, ಕೊನೆಗೂ ಮನೆ ಮುಗಿಸಿಕೊಟ್ಟ. ಆದರೆ ಅಷ್ಟು ದಿನ ಬಾಡಿಗೆ ಮನೆಗೂ ಹಣ, ಬ್ಯಾಂಕಿಗೆ ಬಡ್ಡಿಯೂ ಹಣ. ಹೆಗ್ಗೆರೆಯವರೇ, ದರ ಎಷ್ಟು ಎಂದು ಕೇಳುವ ನಮ್ಮಂಥವರ ಮನಸ್ಸಿನಲ್ಲಿ ಇರುವ ಪ್ರಶ್ನೆ ಬೇರೆ. ನನ್ನ ಹಣ ನನ್ನ ಮನೆಗೇ ಹೋಗುತ್ತದೆಯೇ? ಅದಕ್ಕೆ ಉತ್ತರ ಇದ್ದರೆ ಚದರಕ್ಕೆ ಹತ್ತು ಸಾವಿರ ಹೆಚ್ಚು ಕೇಳಿದರೂ ಕೊಡುತ್ತೇವೆ.

ಕ್ಯಾತ್ಸಂದ್ರ ಗುತ್ತಿಗೆದಾರ

ನೀವು ಹೇಳಿದ್ದು ನಿಜ, ಅಲ್ಲ ಎನ್ನುವುದಿಲ್ಲ. ನಮ್ಮ ವೃತ್ತಿಯ ದೊಡ್ಡ ರೋಗವೇ ಅದು. ಆದರೆ ಆ ರೋಗ ಎಲ್ಲಿಂದ ಹತ್ತುತ್ತದೆ ನೋಡಿ. ಬ್ಯಾಂಕು ಸಾಲದ ಹಣವನ್ನು ಹಂತ ಮುಗಿದ ಮೇಲೆ ಬಿಡುಗಡೆ ಮಾಡುತ್ತದೆ. ಎಂಜಿನಿಯರು ಬಂದು ನೋಡಿ ವರದಿ ಕೊಡಬೇಕು, ಶಾಖೆಯಲ್ಲಿ ಸಹಿಯಾಗಬೇಕು. ಇತ್ತ ಶನಿವಾರದ ಬಟವಾಡೆ ಯಾವ ವರದಿಗೂ ಕಾಯುವುದಿಲ್ಲ. ಆಗ ಕೈಯಲ್ಲಿರುವ ಇನ್ನೊಂದು ಮನೆಯ ಹಣ ಮುಟ್ಟುತ್ತಾರೆ. ಒಮ್ಮೆ ಮುಟ್ಟಿದರೆ ಆ ಗುಂಡಿ ಮುಚ್ಚಲು ಮೂರನೆಯ ಮನೆ ಒಪ್ಪಿಕೊಳ್ಳಬೇಕು. ಮೂರನೆಯ ಮನೆ ಬೇಗ ಸಿಗಲಿ ಎಂದು ದರ ಇಳಿಸಬೇಕು. ದರ ಇಳಿಸಿದ ಮನೆಯಲ್ಲಿ ನಷ್ಟ. ಹೊಸಬರು ಬಹುತೇಕ ಮುಳುಗುವುದು ಹೀಗೆಯೇ, ಸಿಮೆಂಟಿನ ಬೆಲೆ ಏರಿದ್ದರಿಂದ ಅಲ್ಲ.

ಮಾಲೂರಿನ ಮಣ್ಣು

ಕೋಲಾರ ಜಿಲ್ಲೆಯಿಂದ. ನಮ್ಮ ಮಾಲೂರು ಇಟ್ಟಿಗೆಗೂ ಹೆಂಚಿಗೂ ಹೆಸರಾದ ಊರು. ಈಗ ನಮ್ಮೂರಿನಲ್ಲೇ ಸಿಮೆಂಟು ಬ್ಲಾಕಿನ ಮನೆಗಳು ಏಳುತ್ತಿವೆ, ಆ ಮಾತು ಇನ್ನೊಮ್ಮೆ ಆಡೋಣ.

ನಾನು ಸಾಮಗ್ರಿ ಸಮೇತ ಒಪ್ಪಿಕೊಳ್ಳುವುದನ್ನು ಬಿಟ್ಟೆ. ಈಗ ಮನೆಯವರೇ ಸಿಮೆಂಟು, ಕಂಬಿ, ಬ್ಲಾಕು, ಮರಳು, ಟೈಲ್ಸ್ ಎಲ್ಲದಕ್ಕೂ ಅಂಗಡಿಗೆ ನೇರವಾಗಿ ಹಣ ಹಾಕುತ್ತಾರೆ. ರಸೀದಿ ಅವರ ಹೆಸರಿನಲ್ಲಿ. ನನಗೆ ಕೂಲಿಯ ಗುತ್ತಿಗೆ, ಜೊತೆಗೆ ಉಸ್ತುವಾರಿಗೆ ನಿಗದಿಯಾದ ಮೊತ್ತ. ಆ ಮೊತ್ತವನ್ನು ಶೇಕಡಾ ಲೆಕ್ಕದಲ್ಲಿ ಮಾತ್ರ ಹಾಕಬೇಡಿ. ಶೇಕಡಾ ಹತ್ತು ಎಂದರೆ, ಮನೆಯವರು ದುಬಾರಿ ಗ್ರಾನೈಟ್ ಆರಿಸಿದಾಗಲೆಲ್ಲ ನಿಮ್ಮ ಜೇಬು ತುಂಬುತ್ತದೆ ಎಂದು ಅವರಿಗೆ ಅನಿಸುತ್ತದೆ. ಇಷ್ಟು ತಿಂಗಳ ಕೆಲಸ, ಇಷ್ಟು ಮೊತ್ತ, ತಿಂಗಳಿಗೆ ಇಷ್ಟು. ಅವರ ಕಡೆಯಿಂದ ತಡವಾದರೆ ಹೆಚ್ಚಿನ ತಿಂಗಳಿಗೂ ಹಣ, ನನ್ನ ಕಡೆಯಿಂದ ತಡವಾದರೆ ಹಣವಿಲ್ಲ.

ಇದರಲ್ಲಿ ಒಂದು ಮನೆಯ ಹಣ ಇನ್ನೊಂದು ಮನೆಗೆ ಹೋಗುವ ದಾರಿಯೇ ಮುಚ್ಚುತ್ತದೆ. ಹಣ ನನ್ನ ಕೈಗೆ ಬಂದರೆ ತಾನೆ ಆಚೆ ಈಚೆ ಆಗುವುದು?

ಅಂತರಸನಹಳ್ಳಿ ಅಂಗಡಿ

ಮಾಲೂರಿನವರ ಮಾತು ಕೇಳಲು ಚೆನ್ನಾಗಿದೆ. ಅಂಗಡಿಯ ಗಲ್ಲಾದ ಮೇಲೆ ಕೂತವನಿಗೆ ಬೇರೆಯೇ ಕಾಣುತ್ತದೆ.

ಗುತ್ತಿಗೆದಾರನಿಗೆ ನಾವು ಉದ್ದರಿ ಕೊಡುತ್ತೇವೆ, ಮೋಲ್ಡ್ ಆದ ಮೇಲೆ ಹಣ ಕೊಡುತ್ತಾನೆ. ವರ್ಷಕ್ಕೆ ನಾಲ್ಕು ಮನೆಯ ಕಂಬಿ ಒಯ್ಯುವವನಿಗೆ ದರ ಬೇರೆ, ಜೀವನದಲ್ಲಿ ಒಮ್ಮೆ ಬರುವ ಮನೆಯವರಿಗೆ ದರ ಬೇರೆ. ಮನೆಯವರು ನೇರವಾಗಿ ಬಂದರೆ ಹಣ ಕೊಟ್ಟೇ ಸರಕು ಎತ್ತಬೇಕು, ಮೇಲಿಂದ ಕೆಲವು ರೂಪಾಯಿ ಹೆಚ್ಚು. ಇನ್ನು ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ವಿಷಯ: ಮನೆಯವರನ್ನು ಅಂಗಡಿಗೆ ಕರೆತರುವ ಎಷ್ಟೋ ಮೇಸ್ತ್ರಿಗಳಿಗೆ, ಎಂಜಿನಿಯರುಗಳಿಗೆ ಅಂಗಡಿಯಿಂದ ಕಮಿಷನ್ ಹೋಗುತ್ತದೆ. ಉಸ್ತುವಾರಿ ಹಣವನ್ನೂ ತೆಗೆದುಕೊಂಡು ಇದನ್ನೂ ತೆಗೆದುಕೊಳ್ಳುವವರು ಇದ್ದಾರೆ. ಹೆಗ್ಗೆರೆಯವರು ಆ ದಾರಿ ಹಿಡಿಯುತ್ತೀರೋ ಇಲ್ಲವೋ ಮೊದಲು ತೀರ್ಮಾನಿಸಿ. ಅದು ಒಂದಲ್ಲ ಒಂದು ದಿನ ಮನೆಯವರಿಗೆ ತಿಳಿದೇ ತಿಳಿಯುತ್ತದೆ, ಅಂಗಡಿಯ ಹುಡುಗರ ಬಾಯಿಗೆ ಬೀಗವಿಲ್ಲ.

ಮಾಲೂರಿನ ಮಣ್ಣು

ಕಮಿಷನ್ ಕೊಡುವಷ್ಟು ಉಳಿತಾಯ ಅಂಗಡಿಗೆ ಇದೆ ಎಂದಾದರೆ ಅದನ್ನು ರಸೀದಿಯಲ್ಲೇ ಇಳಿಸಿ ಎಂದು ಕೇಳುತ್ತೇನೆ. ಇಳಿಸುತ್ತಾರೆ. ಮನೆಯವರ ಎದುರಿಗೇ ಕೇಳಬೇಕು, ಅಷ್ಟೇ.

ಅಂತರಸನಹಳ್ಳಿ ಅಂಗಡಿ

ಇಳಿಸುತ್ತೇವೆ, ಒಪ್ಪಿದೆ. ಅಂಗಡಿಯವನೇ ಹೇಳಿಕೊಡುವ ಇನ್ನೆರಡು ವಿಷಯ ಬರೆದಿಟ್ಟುಕೊಳ್ಳಿ, ನಮ್ಮ ಹೊಟ್ಟೆಯ ಮೇಲೆ ನಾವೇ ಹೊಡೆದುಕೊಂಡ ಹಾಗಾದರೂ ಸರಿ.

ಕಂಬಿಯನ್ನು ಎಣಿಸಿ ಇಳಿಸಿಕೊಳ್ಳಬೇಡಿ, ತೂಗಿ ಇಳಿಸಿಕೊಳ್ಳಿ. ಸುತ್ತಳತೆಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಎಂದು ಎಷ್ಟೋ ಮೇಸ್ತ್ರಿಗಳು ಹೇಳುತ್ತಾರೆ. ಸುತ್ತಳತೆ ಅಲ್ಲ, ಅದು ವ್ಯಾಸ, ಮಿಲಿಮೀಟರಿನಲ್ಲಿ. 12 ಮಿಲಿಮೀಟರಿನ ಕಂಬಿಗೆ ಮೀಟರಿಗೆ 0.888 ಕಿಲೋ, 12 ಮೀಟರ್ ಉದ್ದದ ಒಂದು ಪೂರ್ತಿ ಕಂಬಿ 10.66 ಕಿಲೋ ಬರಬೇಕು. 8 ಮಿಲಿಮೀಟರಿನದು 4.74 ಕಿಲೋ. ಮಾನಕದಲ್ಲೇ ಸ್ವಲ್ಪ ಹೆಚ್ಚು ಕಡಿಮೆಗೆ ಅವಕಾಶವಿದೆ, 12ಕ್ಕೆ ಶೇಕಡಾ 5, 8ಕ್ಕೆ ಶೇಕಡಾ 7. ಅದಕ್ಕಿಂತ ಹಗುರವಾಗಿದ್ದರೆ ವಾಪಸು ಕಳಿಸಿ. ಎಣಿಕೆಯ ಲೆಕ್ಕದಲ್ಲಿ ಕೊಳ್ಳುವವರು ಕಂಬಿಯಲ್ಲದ ಗಾಳಿಗೂ ಹಣ ಕೊಡುತ್ತಾರೆ.

ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಟನ್ನಿನ ಲೆಕ್ಕದಲ್ಲಿ ಬಂದರೆ ಒದ್ದೆಯಾಗಿದೆಯೇ ನೋಡಿ, ನೀರಿಗೂ ಹಣ ಕೊಡುತ್ತಿರುತ್ತೀರಿ. ಅಡಿಯ ಲೆಕ್ಕದಲ್ಲಿ ಬಂದರೆ ಆಗಲೂ ನೋಡಿ. ಹಸಿ ಮರಳು ಉಬ್ಬುತ್ತದೆ, ಲಾರಿ ತುಂಬಿದಂತೆ ಕಾಣುತ್ತದೆ. ಲಾರಿಯ ಪೆಟ್ಟಿಗೆಗೆ ಟೇಪು ಹಿಡಿಯುವಾಗ ಮೇಲಿನ ರಾಶಿ ಅಳೆಯುತ್ತಾರೆ, ಮೂಲೆಯಲ್ಲಿ ಕಂಬಿ ಚುಚ್ಚಿ ಆಳ ನೋಡಿ.

ಮಾಲೂರಿನ ಮಣ್ಣು

ಎಂ ಸ್ಯಾಂಡ್ ಆದರೂ ಪರವಾಗಿಲ್ಲ. ಮರಳು ಎಂದು ಹೇಳಿ ಕೆರೆ ಮಣ್ಣನ್ನು ತೊಳೆದು ಮಾಡಿದ ಫಿಲ್ಟರ್ ಮರಳು ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎಷ್ಟು ಮನೆಗಳ ಗಾರೆ ಉದುರಿಸಿದೆಯೋ ಲೆಕ್ಕವಿಲ್ಲ. ಒಂದು ಗಾಜಿನ ಲೋಟದಲ್ಲಿ ಹಾಕಿ ನೀರು ಬಿಟ್ಟು ಅಲ್ಲಾಡಿಸಿ ಇಡಿ, ಮೇಲೆ ನಿಲ್ಲುವ ಕೆಸರಿನ ಪದರ ತಾನೇ ಹೇಳುತ್ತದೆ.

ಲೆಕ್ಕಪತ್ರ ಮೇಡಂ

ತೆರಿಗೆಯ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ತಿಪಟೂರಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಗುತ್ತಿಗೆದಾರರೇ ನನ್ನ ಕಕ್ಷಿದಾರರಲ್ಲಿ ಹೆಚ್ಚು.

ಸಾಮಗ್ರಿ ಸಮೇತ ಮನೆ ಕಟ್ಟಿಕೊಟ್ಟರೆ ಅದು ಕಾಮಗಾರಿ ಗುತ್ತಿಗೆ, ಶೇಕಡಾ 18 ಜಿಎಸ್‌ಟಿ. ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ಸಾಮಗ್ರಿ ಸಮೇತ ಎಂದರೆ ಒಂದೇ ಮನೆಗೆ ಆ ಮಿತಿ ದಾಟುತ್ತೀರಿ. 40 ಲಕ್ಷದ ಮನೆಗೆ 7.2 ಲಕ್ಷ ತೆರಿಗೆ. ಸಿಮೆಂಟು, ಕಂಬಿಗೆ ಕೊಟ್ಟ ತೆರಿಗೆಯನ್ನು ನೀವು ಅದರಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಕೂಲಿಗೆ ಹೊಂದಿಸಿಕೊಳ್ಳಲು ಏನೂ ಇರುವುದಿಲ್ಲ. ಚದರದ ದರ ಒಪ್ಪುವಾಗ ಇದು ಸೇರಿದೆಯೇ ಎಂದು ಬರೆಯದವರು ಕೊನೆಗೆ ಅಳುತ್ತಾರೆ.

ಮನೆಯವರೇ ಸಾಮಗ್ರಿ ಕೊಂಡು ನೀವು ಬರೀ ಕೂಲಿ ಗುತ್ತಿಗೆ ಮಾಡಿದರೆ, ಅದು ಒಂಟಿ ಮನೆಯಾಗಿದ್ದರೆ, ಆ ಕೂಲಿಗೆ ಜಿಎಸ್‌ಟಿ ವಿನಾಯಿತಿ ಇದೆ. ವಸತಿ ಸಮುಚ್ಚಯದ ಭಾಗವಾಗಿದ್ದರೆ ಇಲ್ಲ. ಇಲ್ಲಿ ಎರಡು ಎಚ್ಚರ. ರಸೀದಿ ನಿಜವಾಗಿಯೂ ಮನೆಯವರ ಹೆಸರಿನಲ್ಲಿರಬೇಕು. ನೀವು ಕೊಂಡು ಆಮೇಲೆ ಅವರಿಂದ ವಸೂಲಿ ಮಾಡಿದರೆ ಅದು ಬರೀ ಕೂಲಿ ಎಂದು ಹೇಳಿಕೊಳ್ಳುವುದು ಕಷ್ಟ. ಇನ್ನೊಂದು, ಉಸ್ತುವಾರಿ ಮತ್ತು ನಕ್ಷೆಯ ಶುಲ್ಕ ಬೇರೆಯಾಗಿ ಪಡೆದರೆ ಅದು ತೆರಿಗೆಗೆ ಒಳಪಡುವ ಸೇವೆ. ವರ್ಷದಲ್ಲಿ 16 ಲಕ್ಷ ಕೂಲಿ, 5 ಲಕ್ಷ ಉಸ್ತುವಾರಿ ಬಂದರೆ ಒಟ್ಟು ವಹಿವಾಟು 21 ಲಕ್ಷ. ವಿನಾಯಿತಿ ಇರುವ ಕೂಲಿಯೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ, ನೋಂದಣಿ ಮಾಡಿಸಬೇಕು. ತೆರಿಗೆ ಮಾತ್ರ ಆ 5 ಲಕ್ಷಕ್ಕೆ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮನೆಯವರೇ ಕೊಳ್ಳುವ ಪದ್ಧತಿಯಲ್ಲಿ ಇದರ ಲಾಭ ನೇರವಾಗಿ ಅವರಿಗೇ ಸಿಗುತ್ತದೆ. ಆ ಮಾತನ್ನೂ ಗಿರಾಕಿಗೆ ಹೇಳಿ.

ಮನೆ ಕಟ್ಟಿ ನೋಡಿದವನು

ಮೇಡಂ, ನಮ್ಮ ಒಪ್ಪಂದದಲ್ಲಿ ಜಿಎಸ್‌ಟಿ ಎಂಬ ಮೂರಕ್ಷರವೇ ಇರಲಿಲ್ಲ. ಒಪ್ಪಂದ ಇದ್ದದ್ದೇ ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ.

ಹೆಗ್ಗೆರೆ ಹುಡುಗ

ತುಂಬಾ ಉಪಕಾರವಾಯಿತು. ಮೇಡಂ, ಮಾಲೂರಿನ ಅಣ್ಣ, ಇಬ್ಬರ ಮಾತೂ ಒಂದೇ ಕಡೆ ಎಳೆಯುತ್ತಿದೆ. ಆದರೆ ಒಂದು ಅನುಮಾನ. ಮನೆಯವರೇ ಸಾಮಗ್ರಿ ತರುವುದಾದರೆ, ಅವರು ಸಿಮೆಂಟು ತಡವಾಗಿ ತಂದ ದಿನ ನನ್ನ ಗಾರೆಯವರು ಬೀಡಿ ಸೇದುತ್ತಾ ಕೂತಿರುತ್ತಾರೆ. ಆ ಕೂಲಿ ಯಾರ ತಲೆಗೆ? ಅಲ್ಲದೆ ಮರಳೂರಿನ ನಿವೇಶನದ ಕಾಗದ ಪತ್ರ ನಾನು ನೋಡಬೇಕೇ, ಅದು ಅವರ ತಲೆನೋವೇ?

ನಕ್ಷೆ ಬರೆಯುವವಳು

ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಕಾಗದ ಅವರದು ನಿಜ, ಆದರೆ ಕೆಲಸ ನಿಂತರೆ ನಿಂತದ್ದು ನಿಮ್ಮ ಕೆಲಸ. ನಗರ ವ್ಯಾಪ್ತಿಯಲ್ಲಾದರೆ ಇ-ಖಾತೆ, ಭೂಪರಿವರ್ತನೆ, ಬಡಾವಣೆಗೆ ಪ್ರಾಧಿಕಾರದ ಅನುಮೋದನೆ, ಪಾಲಿಕೆಯ ನಕ್ಷೆ ಮಂಜೂರಾತಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಅದು ಅನುಮೋದನೆಯಿಲ್ಲದ ನಿವೇಶನಗಳಿಗೆ ಕೊಡುವ 11-ಬಿ ಆಗಿದ್ದರೆ ಸಾಲ ಸಿಗುವುದು ಕಷ್ಟ ಎಂದೇ ತಿಳಿಯಿರಿ. ಸಾಲ ಸಿಗದ ಮನೆಗೆ ಪಾಯ ತೆಗೆದವರು ಎಷ್ಟೋ ಜನ ಕಾಲಂಗಳನ್ನು ನಿಲ್ಲಿಸಿ ವಾಪಸಾಗಿದ್ದಾರೆ. ಊರ ಹೊರಗಿನ ಬಡಾವಣೆಗಳಲ್ಲಿ ತುಕ್ಕು ಹಿಡಿದ ಕಂಬಿ ಹೊತ್ತ ಕಾಲಂಗಳನ್ನು ನೀವೇ ನೋಡಿದ್ದೀರಿ.

ಮಂಜೂರಾದ ನಕ್ಷೆ ಬಿಟ್ಟು ಒಂದು ಅಡಿಯೂ ಆಚೆ ಹೋಗಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ನಕ್ಷೆಯಂತೆ ಕಟ್ಟಿದ್ದಾರೆ ಎಂದು ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಕೊಡುವುದಿಲ್ಲ ಎಂಬ ತೊಡಕು ಬೆಸ್ಕಾಂ ವ್ಯಾಪ್ತಿಯಲ್ಲಿ 2025ರಲ್ಲಿ ಹಲವರಿಗೆ ತಟ್ಟಿತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಮೂರು ಜಿಲ್ಲೆಗಳೂ ಬೆಸ್ಕಾಂನವೇ. ಸಣ್ಣ ನಿವೇಶನಗಳ ನಿಯಮ ಬದಲಾಗುತ್ತಲೇ ಇದೆ, ಕೆಲಸ ಶುರು ಮಾಡುವ ವಾರದಲ್ಲಿ ಉಪವಿಭಾಗದ ಕಚೇರಿಗೇ ಹೋಗಿ ಕೇಳಿ. ಗೃಹಪ್ರವೇಶದ ದಿನವೂ ಕಾಮಗಾರಿಯ ತಾತ್ಕಾಲಿಕ ಸಂಪರ್ಕದಲ್ಲೇ ದೀಪ ಉರಿಸಬೇಕಾದರೆ ಮನೆಯವರು ಬೈಯುವುದು ನಿಮ್ಮನ್ನೇ.

ಇನ್ನು ನಡುವಿನ ಬದಲಾವಣೆಗಳು. ನನ್ನ ಅನುಭವದಲ್ಲಿ ಜಗಳ ಶುರುವಾಗುವುದು ಲಿಂಟಲ್ ಮಟ್ಟದಲ್ಲಿ. ಆವರೆಗೆ ನಕ್ಷೆ ಎಂದರೆ ಗೆರೆ, ಗೋಡೆ ಎದ್ದ ಮೇಲೆ ಎಲ್ಲರಿಗೂ ಕಣ್ಣು ಬರುತ್ತದೆ. ಮನೆಯವರ ಸೋದರಮಾವ ಒಬ್ಬ ವಾಸ್ತು ಪಂಡಿತರನ್ನು ಕರೆದುಕೊಂಡು ಬರುತ್ತಾರೆ. ಪಂಡಿತರು ದಿಕ್ಸೂಚಿ ಹಿಡಿದು ಅಡುಗೆಮನೆಯ ಮಧ್ಯದಲ್ಲಿ ನಿಂತು, ಒಲೆ ಇಲ್ಲಿ ಬಂದರೆ ಕಿಟಕಿ ಅಲ್ಲಿರಬಾರದು, ಮೆಟ್ಟಿಲು ಈ ಮೂಲೆಯಿಂದ ಏರಬಾರದು ಎನ್ನುತ್ತಾರೆ. ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. "ಒಂದು ಕಿಟಕಿ ತಾನೆ, ಒಡೆದು ಹಾಕಿ" ಎಂಬ ಮಾತು ಬರುತ್ತದೆ. ಆ ಒಂದು ಕಿಟಕಿಗೆ ಲಿಂಟಲ್ ಒಡೆಯಬೇಕು, ಸಜ್ಜಾ ಹೋಗಬೇಕು, ಚೌಕಟ್ಟಿನ ಅಳತೆ ಬದಲಾಗಬೇಕು, ಬಡಗಿ ಆಗಲೇ ಮರ ಕೊಯ್ದಿರುತ್ತಾನೆ.

ಸ್ಥಳದಲ್ಲಿ ಕಾರ್ಬನ್ ಹಾಳೆಯ ಒಂದು ಪುಸ್ತಕ ಇಡಿ. ಯಾವ ಬದಲಾವಣೆ ಹೇಳಿದರೂ ಅಲ್ಲೇ ಬರೆದು, ಎಷ್ಟು ಹಣ, ಎಷ್ಟು ದಿನ ಹೆಚ್ಚು ಎಂದು ಹಾಕಿ, ಮನೆಯ ಯಜಮಾನರ ಸಹಿ ತೆಗೆದುಕೊಳ್ಳಿ. ಯಜಮಾನರದು ಎಂದೆ. ಸೋದರಮಾವನ ಸಹಿಗೆ ಬೆಲೆಯಿಲ್ಲ. ಸಹಿಯಿಲ್ಲದೆ ಸುತ್ತಿಗೆ ಎತ್ತಬಾರದು. ಮೊದಲ ಹಾಳೆಗೆ ಸಹಿ ಹಾಕುವಾಗ ಅವರಿಗೆ ಕೊಂಚ ಬೇಸರವಾಗುತ್ತದೆ. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಅವರೇ ಯೋಚಿಸಿ ಬದಲಾವಣೆ ಕಡಿಮೆ ಮಾಡಿರುತ್ತಾರೆ. ವಾಸ್ತು ನೋಡಿಸುವವರು ನೋಡಿಸಲಿ, ನಕ್ಷೆಯಲ್ಲೇ ನೋಡಿಸಲಿ ಎಂದು ಒಪ್ಪಂದದಲ್ಲೇ ಬರೆಯಿರಿ.

ಕ್ಯಾತ್ಸಂದ್ರ ಗುತ್ತಿಗೆದಾರ

ನಕ್ಷೆಯ ಮೇಡಂ ಹೇಳಿದ ಪುಸ್ತಕಕ್ಕೆ ನನ್ನದೂ ಒಂದು ಮತ. ನಾವು ಹಳಬರು ಬಾಯಿಮಾತಿನಲ್ಲಿ ನಡೆಸಿಕೊಂಡು ಬಂದೆವು, ಆಗಿನ ಗಿರಾಕಿಯೂ ಹಾಗೇ ಇದ್ದ. ಈಗಿನ ಮಕ್ಕಳು ಮೊಬೈಲ್ ನೋಡಿ ದಿನಕ್ಕೊಂದು ಮಾದರಿಯ ಮನೆ ಕಳಿಸುತ್ತಾರೆ.

ಕೂತಿರುವ ಕೂಲಿಯ ಪ್ರಶ್ನೆಗೆ: ಪ್ರತಿ ಸೋಮವಾರ ಮುಂದಿನ ಹತ್ತು ದಿನಕ್ಕೆ ಬೇಕಾದ ಸಾಮಗ್ರಿಯ ಪಟ್ಟಿ ಮನೆಯವರಿಗೆ ಕಳಿಸು. ಇಂಥ ದಿನ ಸ್ಥಳದಲ್ಲಿ ಇರಬೇಕು ಎಂದು ಬರೆ. ಅಂದು ಬರದಿದ್ದರೆ ಮರುದಿನದಿಂದ ಕೂತ ಕೂಲಿ ಅವರದು. ಪಟ್ಟಿಯನ್ನೇ ನೀನು ತಡವಾಗಿ ಕಳಿಸಿದರೆ ನಿನ್ನದು. ನಿನ್ನ ಪಟ್ಟಿ ತಪ್ಪದಿರಬೇಕಾದರೆ ಲೆಕ್ಕ ಬರಬೇಕು. ಐದು ಇಂಚಿನ ಮೋಲ್ಡ್‌ಗೆ ಚದರಕ್ಕೆ ಸುಮಾರು 42 ಘನ ಅಡಿ ಕಾಂಕ್ರೀಟ್ ಬೇಕು, ಸಿಮೆಂಟು, ಮರಳು, ಜಲ್ಲಿ 1:1.5:3ರ ಮಿಶ್ರಣದಲ್ಲಿ ಒಂಬತ್ತರಿಂದ ಹತ್ತು ಚೀಲ ಸಿಮೆಂಟು. ತೊಲೆಯದು ಬೇರೆ. ಒಂಬತ್ತು ಚದರದ ಮೋಲ್ಡ್‌ಗೆ ತೊಂಬತ್ತು ಚೀಲ ಇಳಿಸಿ, ತೊಲೆ ಮರೆತು, ಮಧ್ಯಾಹ್ನ ಮೂರಕ್ಕೆ ಸಿಮೆಂಟು ಮುಗಿದರೆ ಆ ದಿನ ನಿನಗೆ ಬರುವ ಬೈಗುಳ ನಿನ್ನ ಅಪ್ಪನ ತನಕ ಹೋಗುತ್ತದೆ.

ಗಾರೆಯವನ ಮಗ

ಎಲ್ಲರೂ ಹಣದ ಮಾತಾಡಿದಿರಿ. ಕೆಲಸ ಮಾಡುವ ಕೈ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ನಮ್ಮ ತಂದೆ ಗಾರೆ ಕೆಲಸದವರು. ತುಮಕೂರಿನ ಒಳ್ಳೆಯ ಮೇಸ್ತ್ರಿಗಳಲ್ಲಿ ಎಷ್ಟೋ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಕೂಲಿ ಅಲ್ಲಿ ಹೆಚ್ಚು. ಹುಡುಗರಿಗೆ ವಸಂತನರಸಾಪುರದ ಕಾರ್ಖಾನೆ ಇದೆ, ಬಿಸಿಲಿಲ್ಲ, ತಿಂಗಳಿಗೆ ಸಂಬಳ. ಉಳಿದ ಕೆಲಸಕ್ಕೆ ರಾಯಚೂರು, ಯಾದಗಿರಿಯವರು, ಟೈಲ್ಸ್‌ಗೆ ಉತ್ತರ ಭಾರತದವರು. ಅವರು ಊರಿನ ಜಾತ್ರೆಗೆ, ಹಬ್ಬಕ್ಕೆ ಹೋದರೆ ಯಾವಾಗ ಬರುತ್ತಾರೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹೆಗ್ಗೆರೆಯವರೇ, ಶನಿವಾರದ ಬಟವಾಡೆ ಶನಿವಾರವೇ ಕೊಡಿ. ಭಾನುವಾರ ಬೆಳಗ್ಗೆ ಸಂತೆಗೆ ಹೋಗುವ ಹಣ ಅದು. ಸೋಮವಾರ ಕೊಡುತ್ತೇನೆ ಎಂದವನ ಕೆಲಸಕ್ಕೆ ಮಂಗಳವಾರ ಯಾರೂ ಬರುವುದಿಲ್ಲ.

ಇನ್ನೊಂದು. ನಕ್ಷೆ ಮಂಜೂರಾಗುವಾಗ ಕಟ್ಟಡ ವೆಚ್ಚದ ಶೇಕಡಾ 1 ಕಾರ್ಮಿಕ ಕಲ್ಯಾಣ ಸುಂಕ ಕಟ್ಟಿಸಿಕೊಳ್ಳುತ್ತಾರೆ. ಸ್ವಂತ ವಾಸದ ಮನೆಗೆ ಒಂದು ಮಿತಿಯವರೆಗೆ ಮಾತ್ರ ಇಲ್ಲ, 2025ರ ನವೆಂಬರ್‌ವರೆಗೆ ಆ ಮಿತಿ 10 ಲಕ್ಷ ಇತ್ತು, ಆಗ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 50 ಲಕ್ಷ. ಆ ಹಣ ಕಾರ್ಮಿಕರ ಮಂಡಳಿಗೆ ಹೋಗುತ್ತದೆ. 18ರಿಂದ 60 ವರ್ಷದೊಳಗಿನ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೇ ಆದರೂ ಅಲ್ಲಿ ಕಾರ್ಡು ಮಾಡಿಸಿಕೊಳ್ಳಬಹುದು. ಅದಕ್ಕೆ ಉದ್ಯೋಗದ ದೃಢೀಕರಣ ಬೇಕು, ಗುತ್ತಿಗೆದಾರರು ಸಹಿ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ನೀವು ಹಾಕಿಕೊಡಿ. ನಮ್ಮ ತಂದೆಗೆ ಒಬ್ಬ ಗುತ್ತಿಗೆದಾರರು ತಾವೇ ಮುಂದೆ ನಿಂತು ಮಾಡಿಸಿಕೊಟ್ಟರು, ಅವರು ಕರೆದರೆ ತಂದೆ ಇಂದಿಗೂ ರೈಲು ಬಿಟ್ಟು ಹೋಗುತ್ತಾರೆ.

ಮನೆ ಕಟ್ಟಿ ನೋಡಿದವನು

ನಮ್ಮ ಮನೆಯ ಮೋಲ್ಡ್ ದಿನ ಬಿರಿಯಾನಿ ಹಾಕಿಸಿದ್ದೆ. ಅವತ್ತು ಮಾತ್ರ ಒಬ್ಬರೂ ರಜೆ ಹಾಕಿರಲಿಲ್ಲ.

ಮಾಲೂರಿನ ಮಣ್ಣು

ಗೃಹಪ್ರವೇಶದ ಮುಹೂರ್ತದ ಬಗ್ಗೆ ಒಂದು ಮಾತು ಉಳಿದಿದೆ. ಆಷಾಢ ಬರುವ ಮೊದಲು ಒಳಗೆ ಹೋಗಬೇಕು, ಇಲ್ಲವೇ ಶ್ರಾವಣದಲ್ಲಿ ಎಂದು ಮನೆಯವರು ಮೊದಲೇ ಆಮಂತ್ರಣ ಅಚ್ಚು ಹಾಕಿಸುತ್ತಾರೆ. ಆ ದಿನಾಂಕ ಹಿಡಿಯಲು ಎಲ್ಲವನ್ನೂ ಬೇಗ ಮಾಡಬಹುದು, ಕಾಂಕ್ರೀಟನ್ನು ಮಾತ್ರ ಬೇಗ ಗಟ್ಟಿ ಮಾಡಲಾಗುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ 4.5 ಮೀಟರಿನೊಳಗಿನ ಮೋಲ್ಡ್‌ನ ಆಸರೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ಇರಬೇಕು. ತೊಲೆಗಳಿಗೆ 6 ಮೀಟರಿನವರೆಗೆ 14, ಮೇಲಾದರೆ 21. ಇದು ಸಾದಾ ಸಿಮೆಂಟಿಗೆ. ಅಂಗಡಿಯಲ್ಲಿ ಈಗ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಸಿಮೆಂಟು, ಅದಕ್ಕೆ ಇನ್ನಷ್ಟು ದಿನ ಬಿಡಿ. ನೀರುಣಿಸುವುದೂ ಅದಕ್ಕೆ ಕನಿಷ್ಠ 10 ದಿನ, ನಮ್ಮ ಬಯಲುಸೀಮೆಯ ಬಿಸಿಲಿಗೆ 14 ದಿನ. ಸೆಂಟ್ರಿಂಗ್‌ನವನು ಹಲಗೆ ಬೇರೆ ಕಡೆ ಬೇಕು ಎಂದು ಐದನೆಯ ದಿನವೇ ಬಂದು ನಿಲ್ಲುತ್ತಾನೆ. ಗೇಟಿಗೆ ಬೀಗ ಹಾಕಿ.

ನೀರು ಎಂದಾಗ ನೆನಪಾಯಿತು. ಸಾವಿರ ಅಡಿಯ ಬೋರ್‌ವೆಲ್ ನೀರು ನಮ್ಮ ಕಡೆ ನಾಲಿಗೆಗೆ ಉಪ್ಪು. ಕಂಬಿ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎಂದು ಅದೇ ಐಎಸ್ 456 ಹೇಳುತ್ತದೆ. ಕೆಲಸ ಶುರುವಾಗುವ ಮೊದಲೇ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಟ್ಯಾಂಕರಿನದಾದರೂ ಅಷ್ಟೇ, ಅದೂ ಯಾರದೋ ಬೋರ್‌ವೆಲ್ಲಿನದೇ.

ಹೆಗ್ಗೆರೆ ಹುಡುಗ

ಇಷ್ಟನ್ನೂ ಓದಿ ಒಪ್ಪಂದದ ಕರಡು ಮಾಡಿದ್ದೇನೆ. ಮರಳೂರಿನವರ ಮನೆಗೆ ಹೋಗಿ ಎದುರು ಕೂತು ಮಾತಾಡಿದೆ. ಚದರದ ದರ ಹೇಳುವುದಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. ಸಾಮಗ್ರಿಯ ಹಣ ನನಗೆ ಕೊಡಬೇಡಿ, ಅಂಗಡಿಗೇ ಹಾಕಿ ಎಂದ ತಕ್ಷಣ ಒಳಗಿನಿಂದ ಅವರ ಹೆಂಡತಿಯೇ ಹೊರಗೆ ಬಂದು ಕುರ್ಚಿ ಎಳೆದುಕೊಂಡರು. ಆಮೇಲೆ ಪ್ರಶ್ನೆ ಕೇಳಿದ್ದೆಲ್ಲ ಅವರೇ.

ಕರಡಿನಲ್ಲಿ ಇರುವುದು: ಮಂಜೂರಾದ ನಕ್ಷೆಯಂತೆ ಕೂಲಿಯ ಗುತ್ತಿಗೆ, ಪಾಯದ ಅಗೆತ ಮಾತ್ರ ಅಳತೆಯಂತೆ ಬೇರೆ. ಉಸ್ತುವಾರಿಗೆ ತಿಂಗಳ ಮೊತ್ತ. ಕೂಲಿ ವಾರಕ್ಕೊಮ್ಮೆ ಶುಕ್ರವಾರ ನನ್ನ ಖಾತೆಗೆ, ಈ ಮನೆಗೆಂದೇ ತೆರೆದ ಬೇರೆ ಖಾತೆ. ಸೋಮವಾರದ ಪಟ್ಟಿ, ಕೂತ ಕೂಲಿಯ ಷರತ್ತು, ಬದಲಾವಣೆಯ ಪುಸ್ತಕ. ಕೊನೆಯ ಶೇಕಡಾ 5 ಕೀಲಿ ಕೊಡುವ ದಿನ.

ಅವರು ಒಂದು ಕೇಳಿದರು, ಉತ್ತರ ಗೊತ್ತಾಗಲಿಲ್ಲ. ಒಟ್ಟು ಎಷ್ಟಾಗುತ್ತದೆ ಎಂದು ಗೊತ್ತಿಲ್ಲದೆ ಸಾಲ ಎಷ್ಟು ಕೇಳಲಿ ಎಂದು.

ಕ್ಯಾತ್ಸಂದ್ರ ಗುತ್ತಿಗೆದಾರ

ಅದು ನ್ಯಾಯವಾದ ಪ್ರಶ್ನೆ. ದರ ಹೇಳುವುದಿಲ್ಲ ಎಂದರೆ ಅಂದಾಜೂ ಹೇಳುವುದಿಲ್ಲ ಎಂದಲ್ಲ. ನಕ್ಷೆ ಹಿಡಿದು ಐಟಂ ಪ್ರಕಾರ ಅಂದಾಜುಪಟ್ಟಿ ಮಾಡಿಕೊಡು, ಬ್ಯಾಂಕಿಗೂ ಎಂಜಿನಿಯರ್ ಸಹಿಯ ಅದೇ ಪಟ್ಟಿ ಬೇಕು. ಅದರಲ್ಲಿ ಟೈಲ್ಸ್, ನಲ್ಲಿ, ಬಾಗಿಲು, ದೀಪಗಳಿಗೆ ಅಡಿಗೆ ಇಷ್ಟು, ಒಂದಕ್ಕೆ ಇಷ್ಟು ಎಂದು ಮಿತಿ ಹಾಕು. ಅವರು ಅಂಗಡಿಗೆ ಹೋಗಿ ಅದಕ್ಕಿಂತ ದುಬಾರಿ ಆರಿಸಿದರೆ ಎಷ್ಟು ಹೆಚ್ಚಾಯಿತು ಎಂದು ಅವರಿಗೇ ಕಾಣುತ್ತದೆ. ಪಾಯಕ್ಕೆ ಒಂದಿಷ್ಟು ಮೀಸಲು ಇಡು. ಅದಕ್ಕೂ ಮೊದಲು ಜೆಸಿಬಿ ಕರೆಸಿ ನಿವೇಶನದ ಎರಡು ಮೂಲೆಯಲ್ಲಿ ಗುಂಡಿ ತೆಗೆಸಿ ನೋಡು, ಗಟ್ಟಿ ನೆಲ ಎಷ್ಟು ಅಡಿಗೆ ಸಿಗುತ್ತದೆ ಎಂದು. ಅದರ ಖರ್ಚು ಅವರಿಂದಲೇ ತೆಗೆದುಕೊ.

ಮತ್ತೆ ಆ ಶೇಕಡಾ 5. ಉಸ್ತುವಾರಿಯ ಮೊತ್ತದಲ್ಲಿ ಮಾತ್ರ ಹಿಡಿಯಲಿ, ಕೂಲಿಯಲ್ಲಿ ಬೇಡ. ಕೂಲಿಯವರ ಹಣವನ್ನು ನೀನು ಹಿಡಿದಿಟ್ಟುಕೊಳ್ಳಲಾಗುವುದಿಲ್ಲ.

ಲೆಕ್ಕಪತ್ರ ಮೇಡಂ

ಕೂಲಿಗೂ ಉಸ್ತುವಾರಿಗೂ ಎರಡು ಬೇರೆ ಬೇರೆ ಕಾಗದ ಮಾಡಿ. ಒಂದೇ ಒಪ್ಪಂದದಲ್ಲಿ ಕಲಸಬೇಡಿ, ಆಮೇಲೆ ಯಾವುದಕ್ಕೆ ವಿನಾಯಿತಿ, ಯಾವುದಕ್ಕೆ ತೆರಿಗೆ ಎಂದು ನಾನೇ ಕೂತು ಬಿಡಿಸಬೇಕಾಗುತ್ತದೆ.

ಹೆಗ್ಗೆರೆ ಹುಡುಗ

ಎರಡು ಕಾಗದ ಮಾಡುತ್ತೇನೆ. ಶೇಕಡಾ 5ರ ಸಾಲನ್ನೂ ತಿದ್ದಿದೆ. ಜೆಸಿಬಿಯವರು ಗುರುವಾರ ಬರುತ್ತೇನೆ ಎಂದಿದ್ದಾರೆ.

ಮನೆ ಕಟ್ಟಿ ನೋಡಿದವನು

ಗುರುವಾರ ನಾನೂ ಮರಳೂರಿನ ಕಡೆ ಬರುವುದಿದೆ. ನನ್ನ ತಂಗಿಗೂ ಒಂದು ನಿವೇಶನವಿದೆ, 30×50. ಆ ಕರಡಿನ ಒಂದು ಪ್ರತಿ ತೆಗೆದಿಡಿ, ಓದಿ ನೋಡುತ್ತೇವೆ.